ಒಂದೇ ಅಗಲದ ಅಕ್ಷರಗಳು

ಸರಿಯಾಗಿ ನಡೆಯುತ್ತಿರುವ ವಸ್ತುವನ್ನು ಕಂಡರೆ ನನಗೆ ಸಮಾಧಾನವಿರುವುದಿಲ್ಲ. ಕೆಟ್ಟುಹೋದದ್ದರ ಬಗ್ಗೆ ನನಗೆ ಅಂಥ ಆಸಕ್ತಿಯೇನೂ ಇಲ್ಲ. ಅದನ್ನು ರಿಪೇರಿಯವರಿಗೆ ಒಪ್ಪಿಸಿ ನಿಶ್ಚಿಂತೆಯಿಂದ ಪೇಪರ್ ಓದುತ್ತೇನೆ. ಆದರೆ ಸದ್ದಿಲ್ಲದೆ ಮುಚ್ಚಿಕೊಳ್ಳುವ ಬಾಗಿಲು, ಅಲುಗಾಡದೆ ತಿರುಗುವ ಫ್ಯಾನು ಕಣ್ಣಿಗೆ ಬಿದ್ದರೆ ಸಾಕು, ಇದನ್ನು ಇನ್ನೂ ಒಂಚೂರು ಚೆನ್ನಾಗಿ ಮಾಡಬಹುದಲ್ಲ ಎಂದು ಕೈ ತುರಿಸತೊಡಗುತ್ತದೆ. ಮದುವೆಯ ಹೊಸದರಲ್ಲಿ ನಮ್ಮ ಮಾವನವರು ಕೊಟ್ಟಿದ್ದ ಗೋಡೆ ಗಡಿಯಾರ ವಾರಕ್ಕೆ ಒಂದು ನಿಮಿಷ ಮುಂದೆ ಓಡುತ್ತದೆಂದು ಅದನ್ನು ಬಿಚ್ಚಿದೆ. ಮತ್ತೆ ಜೋಡಿಸಿದಾಗ ಮೂರು ಸ್ಕ್ರೂ ಉಳಿದುಕೊಂಡವು. ಗಡಿಯಾರ ಅಂದೇ ನಿಂತಿತು. ಸ್ಕ್ರೂಗಳು ಮಾತ್ರ ಇಂದಿಗೂ ಚೆನ್ನಾಗಿವೆ. "ನೀವು ಕಾಲೇಜಿಂದ ಬೇಗ ಬಂದ ದಿನ ಮನೇಲಿರೋ ಸಾಮಾನಿಗೆ ಗ್ರಹಚಾರ ರೀ" ಎನ್ನುವುದು ನನ್ನ ಹೆಂಡತಿ ಸುಮಂಗಲೆಯ ಅನುಭವದ ಮಾತು.

ನಾನು ಶಿಕಾರಿಪುರದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವನು. ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಒಮ್ಮೆ ಆನ್ ಮಾಡಿದರೆ ಸ್ನಾನ ಮುಗಿಸಿ ಬರುವಷ್ಟು ಹೊತ್ತು ಯೋಚಿಸುತ್ತಿದ್ದ ಅದಕ್ಕೆ ನಮ್ಮ ಭೌತಶಾಸ್ತ್ರದ ರೇಖಾ ಮೇಡಂ, ಬೇರೆ ಊರಿಗೆ ವರ್ಗವಾಗಿ ಹೋಗುವ ಮುಂಚೆ, ಲೈನಕ್ಸ್ ಎಂಬ ಬೇರೆ ವ್ಯವಸ್ಥೆ ಹಾಕಿಕೊಟ್ಟರು. "ಸರ್, ಹಳೇ ಮಿಷನ್ನಿಗೆ ಇದು ಹಗುರ ಆಗುತ್ತೆ, ವೈರಸ್ ಕಾಟನೂ ಇಲ್ಲ. ಒಂದೇ ಒಂದು ಮಾತು, ಏನು ಅಂತ ಗೊತ್ತಿಲ್ಲದ್ದನ್ನ ಅಳಿಸಬೇಡಿ" ಎಂದು ಹೇಳಿ ಹೋದರು. ವೈರಸ್ ಬಗ್ಗೆ ಪಾಠ ಮಾಡುವವನ ಮನೆಯಲ್ಲಿ ವೈರಸ್ ಬಾರದ ಕಂಪ್ಯೂಟರ್! ನನ್ನ ಹೆಮ್ಮೆಗೆ ಮಿತಿ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ ತಮ್ಮ ಕಂಪ್ಯೂಟರ್ ನಿಂತುಹೋಯಿತು ಎಂದರೆ ಕನಿಕರದಿಂದ ತಲೆಯಾಡಿಸಿ "ನಂದು ಲೈನಕ್ಸ್" ಎನ್ನುತ್ತಿದ್ದೆ. ಲೈನಕ್ಸ್‌ನಲ್ಲಿ ನನಗೆ ಬರುತ್ತಿದ್ದುದು ಮೂರೇ ಕೆಲಸ: ತೆರೆಯುವುದು, ಟೈಪ್ ಮಾಡುವುದು, ಮುಚ್ಚುವುದು. ಕೇಳಿದವರಿಗೆ ಅದನ್ನು ಹೇಳುವ ಅಗತ್ಯ ಕಾಣಲಿಲ್ಲ.

ಆ ಕಂಪ್ಯೂಟರಿನಲ್ಲಿ ನಡೆಯುತ್ತಿದ್ದ ಒಂದೇ ಒಂದು ಘನವಾದ ಕೆಲಸ ಪಾರ್ವತಮ್ಮ ಟೀಚರ ಹಾಡುಗಳದು. ಪಾರ್ವತಮ್ಮನವರು ಪ್ರೈಮರಿ ಶಾಲೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾಯಿತು. ನಮ್ಮ ಹಿಂದಿನ ಬೀದಿಯಲ್ಲಿ ತಂಗಿಯ ಜೊತೆ ಇದ್ದಾರೆ. ತಮ್ಮ ತಾಯಿ ಹೊಲದ ಕೆಲಸ ಮಾಡುತ್ತ, ಕುರಿ ಹೊಡೆದುಕೊಂಡು ಹೋಗುತ್ತ ಹೇಳುತ್ತಿದ್ದ ಹಾಡುಗಳಿಗೆ ತಾವೇ ರಾಗ ಕೂಡಿಸಿ, ತಾಳಕ್ಕೆ ಹೊಂದಿಸಿ, ಸುಮಂಗಲೆಯೂ ಸೇರಿ ಎಂಟು ಮಂದಿ ಹೆಂಗಸರಿಗೆ ಕಲಿಸುತ್ತಾರೆ. ಬಿಡಿಗಾಸು ತೆಗೆದುಕೊಳ್ಳುವುದಿಲ್ಲ, ಹೊತ್ತು ಮೀರಿ ಬಂದರೆ ಮಾತ್ರ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಎರಡು ವರ್ಷದಿಂದ ಅವರ ಕಣ್ಣು ಮಂಜಾಗುತ್ತ ಬಂತು. ಡಾಕ್ಟರು ಇದು ಆಪರೇಷನ್ನಿನಿಂದ ಸರಿಹೋಗುವ ತೊಂದರೆಯಲ್ಲ, ಇರುವಷ್ಟನ್ನು ಕಾಪಾಡಿಕೊಳ್ಳಿ ಎಂದರಂತೆ. ಹಾಡುಗಳೆಲ್ಲ ಅವರ ತಲೆಯಲ್ಲಿ ಮಾತ್ರ ಇದ್ದವು. ಬರೆದಿಡಬೇಕು ಎಂದು ಸುಮಂಗಲಾ ಹಟ ಹಿಡಿದಳು. ಬರೆಯುವವನನ್ನಾಗಿ ನನ್ನನ್ನು ಒಪ್ಪಿಸಿದಳು.

ಹಾಗಾಗಿ ಒಂದು ವರ್ಷ, ಭಾನುವಾರ ಬೆಳಿಗ್ಗೆ ಪಾರ್ವತಮ್ಮನವರು ನಮ್ಮ ಮನೆಗೆ ಬಂದು ಕುರ್ಚಿಯಲ್ಲಿ ನೆಟ್ಟಗೆ ಕೂತು, ಒಂದೊಂದೇ ಸ್ವರ ಹೇಳುವುದು, ನಾನು ಟೈಪ್ ಮಾಡುವುದು. ಕನ್ನಡದ ಅಕ್ಷರಗಳಲ್ಲಿ ಒಂದು ಅಗಲ, ಒಂದು ಕಿರಿದು, ಸಾಲು ಹೊಂದುತ್ತಿರಲಿಲ್ಲ. ಅದಕ್ಕೆ ಸ್ವರಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು, ಕೆಳಗೆ ಬಿಟ್ಟ ಜಾಗದಲ್ಲಿ ಹಾಡಿನ ಮಾತನ್ನು ಸುಮಂಗಲಾ ಕೈಯಲ್ಲಿ ಬರೆಯುವುದೆಂದು ಗೊತ್ತುಮಾಡಿದೆವು. ಸ್ವರವನ್ನು ಎಳೆಯಬೇಕಾದ ಕಡೆ ಅಲ್ಪವಿರಾಮ. ಒಂದು ಅಲ್ಪವಿರಾಮ ಎಂದರೆ ಒಂದು ಸ್ವರದಷ್ಟೇ ಹೊತ್ತು. ತಾಳದ ಭಾಗ ಮುಗಿದ ಕಡೆ ಒಂದು ಗೀಟು. ರೇಖಾ ಮೇಡಂ ಆರಿಸಿಕೊಟ್ಟಿದ್ದ ಅಕ್ಷರ ಶೈಲಿಯಲ್ಲಿ, ಅಂದರೆ ಫಾಂಟಿನಲ್ಲಿ, ಎಲ್ಲವೂ ಒಂದೇ ಅಗಲ, ಅಲ್ಪವಿರಾಮಕ್ಕೂ ದಪ್ಪ ಅಕ್ಷರಕ್ಕೂ ಸಮನಾದ ಜಾಗ. ಹೀಗಾಗಿ ಮೊದಲ ಸಾಲಿನ ಐದನೇ ಪೆಟ್ಟಿನ ಕೆಳಗೆ ಎರಡನೇ ಸಾಲಿನ ಐದನೇ ಪೆಟ್ಟು ನೆಟ್ಟಗೆ ಬಂದು ಕೂರುತ್ತಿತ್ತು. ಹೆಂಗಸರು ಹಾಳೆಯ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಜಾರಿಸಿದರೆ ತಾಳ ಎಲ್ಲಿದೆಯೆಂದು ಗೊತ್ತಾಗುತ್ತಿತ್ತು. ನನಗೆ ಮಾತ್ರ ಸಂಗೀತ ತಿಳಿಯುವುದಿಲ್ಲ. ಅವರು 'ಅಲ್ಪವಿರಾಮ' ಎಂದರೆ ಅಲ್ಪವಿರಾಮ ಒತ್ತುತ್ತಿದ್ದೆ. ಹೀಗೆ ನಲವತ್ತು ಹಾಡು ಕಂಪ್ಯೂಟರ್ ಸೇರಿದವು.

ಇಷ್ಟು ಚೆನ್ನಾಗಿ ನಡೆಯುತ್ತಿತ್ತು ಎಂದ ಮೇಲೆ ಮುಂದೇನಾಯಿತೆಂದು ಹೇಳಬೇಕಾಗಿಲ್ಲ. ಒಂದು ಭಾನುವಾರ ಪಾರ್ವತಮ್ಮನವರು ನೆಂಟರ ಮನೆಗೆ ಹೋಗಿದ್ದರು. ನಾನು ಬಿಡುವಾಗಿದ್ದೆ. ಕಂಪ್ಯೂಟರ್ ಹಚ್ಚಿದಾಗ ಮೂಲೆಯಲ್ಲಿ 'ಡಿಸ್ಕ್‌ನಲ್ಲಿ ಜಾಗ ಕಡಿಮೆಯಿದೆ' ಎಂಬ ಒಂದು ಚೀಟಿ ಕಾಣಿಸಿಕೊಂಡಿತು. ಭಾವಮೈದುನನ ಮದುವೆಯ ವಿಡಿಯೋ ಮೂರು ಪ್ರತಿ ಅದರಲ್ಲಿತ್ತು ಎನ್ನುವುದು ನಿಜ, ಆದರೆ ಅದನ್ನು ಮುಟ್ಟುವ ಧೈರ್ಯ ಯಾವ ಅಳಿಯನಿಗಿದೆ? ಬೇರೆ ಏನಿದೆಯೆಂದು ಹುಡುಕುತ್ತ ಹೋದಾಗ ಅಕ್ಷರ ಶೈಲಿಗಳ ಒಂದು ಉದ್ದನೆಯ ಪಟ್ಟಿ ಸಿಕ್ಕಿತು. ಸಿಂಹಳದ್ದು, ಥಾಯ್ ಭಾಷೆಯದ್ದು, ಟಿಬೆಟ್ಟಿನದ್ದು, ನಾನು ಹೆಸರೇ ಕೇಳದ ಇನ್ನಷ್ಟು ಭಾಷೆಗಳದ್ದು. ಶಿಕಾರಿಪುರದಲ್ಲಿ ಕೂತು ನಾನು ಟಿಬೆಟ್ಟಿನ ಭಾಷೆಯಲ್ಲಿ ಯಾರಿಗೆ ಪತ್ರ ಬರೆಯಲಿ? ಅಟ್ಟ ಗುಡಿಸುವ ಉತ್ಸಾಹದಲ್ಲಿ ಒಂದೊಂದನ್ನೇ ತೆಗೆಯತೊಡಗಿದೆ. ಪ್ರತಿ ಸಲವೂ ಅದು ಪಾಸ್‌ವರ್ಡ್ ಕೇಳುವುದು, ನಾನು ಅಧಿಕಾರಿಯ ಗತ್ತಿನಲ್ಲಿ ಕೊಡುವುದು. ಕೊನೆಯಲ್ಲಿ 'ಮೊನೊ' ಎಂಬ ಬಾಲವಿದ್ದ ನಾಲ್ಕೈದು ಹೆಸರು ಬಂದವು. ಮೊನೊ ಎಂದರೆ ಗೊತ್ತಿತ್ತು. ನಮ್ಮ ಅಪ್ಪನ ಹಳೆಯ ರೇಡಿಯೋ ಮೊನೊ, ಆಮೇಲೆ ಬಂದ ಟೇಪ್ ರೆಕಾರ್ಡರ್ ಸ್ಟೀರಿಯೋ. ಸ್ಟೀರಿಯೋ ಬಂದ ಕಾಲದಲ್ಲಿ ಮೊನೊ ಯಾರಿಗೆ ಬೇಕು ಎಂದು ಅಷ್ಟನ್ನೂ ತೆಗೆದುಹಾಕಿದೆ. ಸುಮಂಗಲೆಯನ್ನು ಕರೆದು "ಕಂಪ್ಯೂಟರ್ ಹಗುರ ಆಯ್ತು ನೋಡು" ಎಂದು ತೋರಿಸಿದೆ ಕೂಡ. ಅವಳು ಕಂಪ್ಯೂಟರನ್ನು ಹೊರಗಿನಿಂದ ಒಂದು ಸಲ ನೋಡಿ, "ಎಂತ ತೆಗ್ದ್ರಿ?" ಎಂದಳು. "ಬೇಡದ್ದು" ಎಂದೆ.

ಮರುದಿನ ಸೋಮವಾರ ಸಂಜೆ ಸುಮಂಗಲಾ ಸಂಭ್ರಮದಿಂದ ಬಂದಳು. ಮುಂದಿನ ಭಾನುವಾರ ತೊಗರ್ಸಿಯ ಮಲ್ಲಿಕಾರ್ಜುನನ ಗುಡಿಯಲ್ಲಿ ಈ ಎಂಟು ಮಂದಿ ಹಾಡಬೇಕೆಂದು ಗುಡಿಯವರು ಕೇಳಿಕೊಂಡಿದ್ದರಂತೆ. ಪಾರ್ವತಮ್ಮನವರ ತವರು ಅದೇ ಕಡೆ. ಅವರು ಹುಡುಗಿಯಾಗಿದ್ದಾಗ ಕುಣಿದಾಡಿದ ಜಾಗ. ಅಲ್ಲಿ ತಮ್ಮ ತಾಯಿಯ ಹಾಡನ್ನು ಒಮ್ಮೆ ಕೇಳಿಸಬೇಕೆಂಬ ಆಸೆ ಅವರಿಗೆ ಎಷ್ಟೋ ದಿನದಿಂದ ಇತ್ತು. ಹನ್ನೊಂದು ಹಾಡು ಆರಿಸಿದ್ದಾರೆ, ಎಂಟು ಪ್ರತಿ ಪ್ರಿಂಟ್ ತೆಗೆಸಬೇಕು ಎಂದಳು. "ಅದೆಷ್ಟರ ಕೆಲಸ" ಎಂದು ಮೊದಲ ಹಾಡನ್ನು ತೆರೆದೆ. ಸಾಲುಗಳೆಲ್ಲ ಸೊಟ್ಟಗಾಗಿದ್ದವು. ಅಲ್ಪವಿರಾಮಗಳು ಒಂದರ ಮೈಮೇಲೆ ಒಂದು ಬಿದ್ದು ಮುದುಡಿಕೊಂಡಿದ್ದವು, ಎಂ ಅಕ್ಷರ ಇಬ್ಬರ ಜಾಗದಲ್ಲಿ ಕಾಲು ಚಾಚಿತ್ತು, ತಾಳದ ಗೀಟುಗಳು ಮಳೆಗಾಲ ಮುಗಿದ ಮೇಲಿನ ಬೇಲಿಗೂಟಗಳ ಹಾಗೆ ಒಂದೊಂದು ಒಂದೊಂದು ಕಡೆ ವಾಲಿದ್ದವು.

"ಇದೆಂತ ರೀ ಹಿಂಗಾಗಿದೆ?" ಎಂದಳು ಸುಮಂಗಲಾ.

"ಕರೆಂಟಿನ ಏರಿಳಿತ" ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ, ಮೊದಲು ಬಾಯಿಗೆ ಬಂದದ್ದು ಅದು.

ರೇಖಾ ಮೇಡಂಗೆ ಫೋನ್ ಮಾಡಿ ಎಂದಳು. ಆದರೆ ಊರಿಗೆಲ್ಲ ಲೈನಕ್ಸ್ ಪಂಡಿತನೆಂದು ಹೇಳಿಕೊಂಡವನು ಫೋನ್ ಮಾಡಿ ಏನೆಂದು ಹೇಳಲಿ? ಸಾಲು ಸೊಟ್ಟಗಿದ್ದರೆ ನೆಟ್ಟಗೆ ಮಾಡಿದರಾಯಿತು ಎಂದು ಕೂತೆ. ಸ್ಪೇಸ್ ಒತ್ತುತ್ತ ಒತ್ತುತ್ತ ಒಂದೊಂದೇ ಗೀಟನ್ನು ಮೇಲಿನ ಗೀಟಿನ ಕೆಳಗೆ ತಳ್ಳಿದೆ. ಒಂದು ಸ್ಪೇಸ್ ಹಾಕಿದರೆ ಸಾಲದು, ಎರಡು ಹಾಕಿದರೆ ಮುಂದೆ ಹೋಗುತ್ತದೆ. ಹಾಗೆ ಸಿಕ್ಕಿಕೊಂಡ ಕಡೆ ಯಾವುದೋ ಒಂದು ಅಲ್ಪವಿರಾಮ ಹೆಚ್ಚಾಗಿದೆ ಅನಿಸಿತು. ತೆಗೆದೆ. ಸಾಲು ಸರಿಹೋಯಿತು! ಇನ್ನೊಂದು ಕಡೆ ಕಡಿಮೆ ಅನಿಸಿತು, ಹಾಕಿದೆ. ಸೋಮವಾರ, ಮಂಗಳವಾರ ಎರಡು ಸಂಜೆ ಈ ಉಪಕಾರ ಮಾಡಿ, ಹನ್ನೊಂದೂ ಹಾಡನ್ನು ಕಣ್ಣಿಗೆ ಹಿತವಾಗುವಂತೆ ಓರಣ ಮಾಡಿ, ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತಂದೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಲು ಕೈ ಎಟುಕಲಿಲ್ಲ, ಅಷ್ಟೇ.

ಬುಧವಾರದ ಅಭ್ಯಾಸಕ್ಕೆ ನಾನೂ ಹೋದೆ. ನನ್ನ ಹಾಳೆಗಳು ಹೇಗೆ ಕೆಲಸ ಮಾಡುತ್ತವೆಂದು ನೋಡುವ ಆಸೆ. ಎಂಟು ಮಂದಿ ಹಾಳೆ ಹಿಡಿದು ಶುರುಮಾಡಿದರು. ಎರಡನೇ ಸಾಲಿಗೇ ನಾಲ್ವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಪಾರ್ವತಮ್ಮನವರ ಕೈ ತೊಡೆಯ ಮೇಲೆ ತಾಳ ಹಾಕುತ್ತಿದ್ದದ್ದು ನಿಂತಿತು. "ಯಾರ್ರೀ ಅದು ತಾಳ ಬಿಟ್ಟಿದ್ದು?" ಎಂದರು. ಮತ್ತೆ ಶುರು, ಮತ್ತೆ ಅದೇ ಜಾಗದಲ್ಲಿ ತಪ್ಪು. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. "ಹಾಳ್ಯಾಗ ಹಿಂಗೇ ಐತ್ರಿ ಟೀಚರ್, ನಾವು ಹಾಳಿ ನೋಡೇ ಹಾಡಾಕತ್ತೀವಿ" ಎಂದು ಒಬ್ಬರು ಅಂಜುತ್ತ ಹೇಳಿದರು. ಪಾರ್ವತಮ್ಮನವರು ಹಾಳೆಯನ್ನು ಕೈಗೆ ತೆಗೆದುಕೊಂಡು ಕಣ್ಣ ಹತ್ತಿರ ಹಿಡಿದರು, ದೂರ ಹಿಡಿದರು, ಕಿಟಕಿಯ ಬೆಳಕಿಗೆ ಹಿಡಿದರು. ಕೊನೆಗೆ ಮಡಿಲಲ್ಲಿಟ್ಟುಕೊಂಡರು.

"ಹಾಳ್ಯಾಗ ಹಂಗೈತಿ ಅಂದ್ರ ಬರೆಸಿದಾಕಿ ನಾನೇ. ನಾ ಹೇಳಿದ್ದೇ ತಪ್ಪಿರಬೇಕು" ಎಂದರು ಮೆಲ್ಲಗೆ. "ಕಣ್ಣಂತೂ ಹೋಗಾಕತ್ತಾವ. ಈಗ ತಲಿನೂ ಹೋಗಾಕತ್ತೈತೇನೋ. ತೊಗರ್ಸಿಗೆ ನೀವ್ ಹೋಗಿಬರ್ರಿ. ನಾ ಬರಾಂಗಿಲ್ಲ. ನಮ್ಮವ್ವನ ಹಾಡು ಅಲ್ಲೇ ನಿಂತು ತಪ್ಪು ಹೇಳೋದಕ್ಕಿಂತ ಸುಮ್ನಿರೋದು ಛಲೋ."

ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದವರು ತಮ್ಮ ಹಾಡನ್ನೇ ನಂಬದಂತಾದದ್ದನ್ನು ನೋಡುತ್ತ ನಾನು ಬಾಗಿಲ ಹತ್ತಿರ ನಿಂತಿದ್ದೆ. ಎರಡು ಸಂಜೆ ಹಾಳೆಗಳಲ್ಲಿ ಕೈಯಾಡಿಸಿದ್ದೆನೆಂದು ಅಲ್ಲೇ ಹೇಳಿಬಿಡಬೇಕಿತ್ತು. ಅದರ ಬದಲು ಚಪ್ಪಲಿ ಹುಡುಕಿಕೊಂಡೆ. ಅದೂ ಅಲ್ಲದೆ ಮೊದಲು ಸಾಲು ಸೊಟ್ಟಗಾದದ್ದು ಯಾಕೆಂಬುದು ನನಗೇ ಗೊತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಸುಮಂಗಲೆಗೆ ಅಲ್ಪವಿರಾಮದ ವಿಷಯ ಹೇಳಿದೆ. ಅವಳು ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು. "ನಾಳೆ ರಜೆ ಹಾಕಿ ಸೊರಬಕ್ಕೆ ಹೋಗಿಬನ್ನಿ. ಶಿವಲಿಂಗಪ್ಪ ಮಾವಂಗೆ ಆ ಹಾಳೆ ತೋರ್ಸಿ" ಎಂದಳು. ಶಿವಲಿಂಗಪ್ಪನವರು ಅವಳ ಸೋದರಮಾವ. ಸೊರಬದ ಒಂದು ಪ್ರೆಸ್ಸಿನಲ್ಲಿ ನಲವತ್ತು ವರ್ಷ ಮೊಳೆ ಜೋಡಿಸುವ ಕೆಲಸ ಮಾಡಿದವರು. ಸೀಸದ ಒಂದೊಂದೇ ಅಕ್ಷರವನ್ನು ಆರಿಸಿ ಸಾಲು ಮಾಡುತ್ತಿದ್ದ ಕಾಲದವರು. "ಅವರು ಕಂಪ್ಯೂಟರ್ ಮುಟ್ಟಿಯೇ ಇಲ್ಲವಲ್ಲ ಮಾರಾಯ್ತಿ" ಎಂದೆ. "ಅದಕ್ಕೇ ಹೇಳಿದ್ದು" ಎಂದಳು.

ಸೊರಬದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಲೈನಕ್ಸ್ ಬಳಸುವ ವಿಜ್ಞಾನದ ಉಪನ್ಯಾಸಕನೊಬ್ಬ ಕಂಪ್ಯೂಟರ್ ರಿಪೇರಿಗೆ ಎಂಬತ್ತು ದಾಟಿದ ಮುದುಕರ ಹತ್ತಿರ ಹೋಗುತ್ತಿರುವುದನ್ನು ಸ್ಟಾಫ್ ರೂಮಿನವರು ನೋಡಿದರೆ ಏನೆಂದಾರು ಎಂದು ಯೋಚಿಸಿದೆ. ಮಾವ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. "ಬನ್ನಿ ಬನ್ನಿ ಅಳಿಯಂದ್ರೇ, ಎಂತ ಅಪರೂಪ" ಎಂದು ಚಾಪೆ ಸರಿಸಿದರು. ಕಾಫಿ ಆಯಿತು, ಸುಮಂಗಲೆಯ ಯೋಗಕ್ಷೇಮ ಆಯಿತು. ಹಾಳೆ ಕೊಟ್ಟೆ. ಕನ್ನಡಕ ಹಾಕಿಕೊಂಡು ನೋಡಿದರು. ಆಮೇಲೆ ಕನ್ನಡಕ ತೆಗೆದು, ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದು, ಬಡಗಿ ಹಲಗೆಯ ಅಂಚು ನೋಡುವ ಹಾಗೆ ನೋಡಿದರು.

"ಇದು ಸ್ವರಲಿಪಿ" ಎಂದರು. "ಇಂಥದ್ದು ನಾನೂ ಒಂದು ಪುಸ್ತಕ ಜೋಡ್ಸಿದೀನಿ. ಆರು ತಿಂಗಳು ತಗೊಂಡ್ತು. ಇಲ್ಲಿ ನೋಡಿ, ಈ ಅಲ್ಪವಿರಾಮ ಎಷ್ಟು ಸಣಕಲು ಇದೆ, ಈ ಅಕ್ಷರ ಎಷ್ಟು ದಪ್ಪ ಇದೆ. ಹಿಂಗೆ ಇಟ್ರೆ ಸಾಲು ನಿಲ್ಲೋದೇ ಇಲ್ಲ. ನಾನು ಎಂತ ಮಾಡ್ತಿದ್ದೆ ಅಂದ್ರೆ, ಪ್ರತಿ ಸ್ವರದ ಪಕ್ಕ ಒಂದು ಸೀಸದ ಚೂರು ಇಟ್ಟು ಎಲ್ಲದನ್ನೂ ಒಂದೇ ಅಗಲಕ್ಕೆ ತರ್ತಿದ್ದೆ. ಮೊದ್ಲು ನಿಮ್ಮಲ್ಲಿ ನೆಟ್ಟಗೆ ಇತ್ತು ಅಂದ್ರಲ್ಲ?"

"ಇತ್ತು ಮಾವ. ಒಂದು ವರ್ಷ ನೆಟ್ಟಗೇ ಇತ್ತು."

"ಹಂಗಾದ್ರೆ ಹಾಡು ಕೆಟ್ಟಿಲ್ಲ ಮಾರಾಯ್ರೇ, ಮೊಳೆ ಬದಲಾಗಿದೆ! ಒಂದೇ ಅಗಲದ ಮೊಳೆ ಇತ್ತು ನಿಮ್ಮಲ್ಲಿ. ಅದನ್ನ ಯಾರೋ ತೆಗ್ದಿದಾರೆ. ಅದು ಸಿಗದೇ ಇದ್ದಿದ್ದಕ್ಕೆ ನಿಮ್ಮ ಮಿಷನ್ನು ಪಕ್ಕದ ಪೆಟ್ಟಿಗೆಯಿಂದ ಬೇರೆ ಮೊಳೆ ತಗೊಂಡು ಕೆಲಸ ಸಾಗ್ಸಿದೆ. ಯಾರು ತೆಗ್ದಿದ್ದು?"

ಅಂಗಳದಲ್ಲಿ ಒಂದು ಕೋಳಿ ಕೆದಕುತ್ತಿತ್ತು. ನಾನು ಅದನ್ನೇ ನೋಡಿದೆ. ಒಂದೇ ಅಗಲ. ಒಂದೇ. ಮೊನೊ! ಅಪ್ಪನ ರೇಡಿಯೋ ಕಣ್ಣ ಮುಂದೆ ಬಂದು ನಿಂತಿತು. "ನಾನೇ ಮಾವ" ಎಂದೆ. ಜಾಗ ಸಾಲದೆಂದು ತೆಗೆದದ್ದು, ಆಮೇಲೆ ಸ್ಪೇಸ್ ಹೊಡೆದದ್ದು, ಅಲ್ಪವಿರಾಮ ಕಿತ್ತದ್ದು, ಪಾರ್ವತಮ್ಮನವರು ಹಾಳೆ ಮಡಿಲಲ್ಲಿಟ್ಟುಕೊಂಡದ್ದು ಎಲ್ಲವನ್ನೂ ಹೇಳಿದೆ.

ಮಾವ ಬಿಡಿಸಿದ ಕಾಳನ್ನು ಒಂದು ಕಡೆ ಸರಿಸಿ ನಗತೊಡಗಿದರು. ತಾವೂ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಜೋಡಿಸಿಟ್ಟ ಒಂದು ಪುಟ ಗಲೀಜಾಗಿದೆಯೆಂದು ಮೊಳೆಗಳನ್ನೆಲ್ಲ ತೊಳೆದು ಅವವುಗಳ ಪೆಟ್ಟಿಗೆಗೆ ಹಾಕಿ, ಯಜಮಾನರಿಗೆ ಹೆಮ್ಮೆಯಿಂದ ತೋರಿಸಿದರಂತೆ. ಅದು ಇನ್ನೂ ಅಚ್ಚಾಗಿರದ ಲಗ್ನಪತ್ರಿಕೆ. "ಯಜಮಾನ್ರು ಬೈಲಿಲ್ಲ. ಪಕ್ಕದಲ್ಲಿ ಕೂತ್ಕಂಡು ಮತ್ತೆ ಜೋಡ್ಸಕ್ಕೆ ಸಹಾಯ ಮಾಡಿದ್ರು. ಅವರ ಹೆಸರು ಹೇಳ್ಕಂಡೇ ನಾನು ನಲವತ್ತು ವರ್ಷ ಊಟ ಮಾಡಿದ್ದು. ಹೋಗಿ, ಮೊದ್ಲು ಮೊಳೆ ವಾಪಸ್ ಹಾಕಿ. ಆಮೇಲೆ ಆ ಅಮ್ಮನ ಹತ್ರ ಹೋಗಿ ತಪ್ಪಾಯ್ತು ಅನ್ನಿ. ಅವರು ತಾಳ ಮರೆತಿಲ್ಲ ಅಂತ ಮೊದ್ಲು ಅದನ್ನ ಹೇಳಿ, ನಿಮ್ಮ ಕತೆ ಆಮೇಲೆ ಹೇಳಿ." ಹೊರಡುವಾಗ ಅವರೆಕಾಳನ್ನು ಒಂದು ಚೀಲಕ್ಕೆ ತುಂಬಿ ಕೈಗೆ ಕೊಟ್ಟರು.

ಮಧ್ಯಾಹ್ನ ಮನೆಗೆ ಬಂದವನೇ ರೇಖಾ ಮೇಡಂಗೆ ಫೋನ್ ಮಾಡಿದೆ. ಸೋಮವಾರವೇ ಮಾಡಿದ್ದರೆ 'ಕಂಪ್ಯೂಟರ್ ಏನೋ ಆಗಿದೆ' ಎನ್ನುತ್ತಿದ್ದೆ, ಅವರಿಗೂ ಏನೂ ಮಾಡಲಾಗುತ್ತಿರಲಿಲ್ಲ. ಈಗ ಏನು ಕೇಳಬೇಕೆಂದಾದರೂ ಗೊತ್ತಿತ್ತು. "ಮೇಡಂ, ಒಂದೇ ಅಗಲದ ಅಕ್ಷರಗಳನ್ನ ನಾನು ತೆಗೆದುಬಿಟ್ಟಿದೀನಿ, ವಾಪಸ್ ಹಾಕೋದು ಹೇಗೆ?" ಎಂದೆ. ಆ ಕಡೆ ನಗು ತಡೆದುಕೊಳ್ಳುತ್ತಿದ್ದರು ಅನಿಸುತ್ತದೆ. "ಟರ್ಮಿನಲ್ ತೆಗೀರಿ ಸರ್" ಎಂದರು. ಆಜ್ಞೆಗಳನ್ನು ಟೈಪ್ ಮಾಡುವ ಆ ಕಪ್ಪು ಕಿಟಕಿಯನ್ನು ನಾನು ಎಂದೂ ತೆರೆದವನಲ್ಲ. ತೆರೆದರೆ ಅಲ್ಲೂ ಅಕ್ಷರಗಳು ಮಾತು ಬಿಟ್ಟ ದಾಯಾದಿಗಳ ಹಾಗೆ ಒಂದಕ್ಕೊಂದು ಮಾರು ದೂರ ನಿಂತಿದ್ದವು. ಅವರು ಹೇಳಿದ ಹಾಗೆ ಎಫ್‌ಸಿ, ಅಡ್ಡಗೀಟು, ಮ್ಯಾಚ್, ಜಾಗ ಬಿಟ್ಟು ಮೊನೊಸ್ಪೇಸ್ ಎಂದು ಹೊಡೆದೆ. ಯಾವುದೋ ಒಂದು ಹೆಸರು ಬಂತು. ಓದಿ ಹೇಳಿದೆ. "ಇದು ಒಂದೇ ಅಗಲದ್ದಲ್ಲ ಸರ್. ಅದನ್ನ ಕೇಳಿದ್ರೆ, ಇಲ್ಲದೇ ಇರೋದಕ್ಕೆ ಇರೋದ್ರಲ್ಲೇ ಒಂದನ್ನ ಕೊಡ್ತಿದೆ. ಒಂದನ್ನೂ ಉಳಿಸಿಲ್ಲ ನೀವು" ಎಂದರು. ಪಕ್ಕದ ಪೆಟ್ಟಿಗೆಯ ಮೊಳೆ! ಕಂಪ್ಯೂಟರ್ ಮುಟ್ಟದ ಮಾವ ಜಗಲಿಯಲ್ಲಿ ಕೂತು ಹೇಳಿದ್ದನ್ನೇ ಕಂಪ್ಯೂಟರ್ ಈಗ ಬರೆದು ತೋರಿಸುತ್ತಿತ್ತು.

ಇನ್ನೊಂದು ಸಾಲು ಹೇಳಿದರು, ಹೊಡೆದೆ; ತೆಗೆದುಹಾಕಿದ್ದು ನಮ್ಮ ನಿಧಾನದ ಇಂಟರ್ನೆಟ್ಟಿನಲ್ಲಿ ಹೆಜ್ಜೆ ಎಣಿಸುತ್ತ ವಾಪಸ್ ಬಂತು. ಕೊನೆಗೆ, ಇರುವ ಅಕ್ಷರ ಶೈಲಿಗಳ ಹಾಜರಿಯನ್ನು ಮತ್ತೊಮ್ಮೆ ತೆಗೆದುಕೊಳ್ಳುವ ಒಂದು ಆಜ್ಞೆ. ಟರ್ಮಿನಲ್ ಮುಚ್ಚಿ ತೆರೆದೆ. ಅಕ್ಷರಗಳೆಲ್ಲ ಪಕ್ಕಪಕ್ಕ ಬಂದು ಒಟ್ಟಿಗೆ ನಿಂತಿದ್ದವು. ಹಾಡುಗಳ ಫೈಲ್ ತೆರೆದೆ. ನಾನು ಕೈ ಹಚ್ಚದ ಇಪ್ಪತ್ತೊಂಬತ್ತು ಹಾಡುಗಳು ನೂಲು ಹಿಡಿದ ಹಾಗೆ ನೆಟ್ಟಗಿದ್ದವು. ನಾನು ರಿಪೇರಿ ಮಾಡಿದ ಹನ್ನೊಂದು ಮಾತ್ರ ಸೊಟ್ಟ. ಮುಟ್ಟದೇ ಬಿಟ್ಟಿದ್ದರೆ ಅವೂ ತಾವಾಗಿ ಸರಿಹೋಗುತ್ತಿದ್ದವು. ಆ ಹನ್ನೊಂದರ ಹಳೆಯ ಪ್ರತಿ ಎಲ್ಲೂ ಇರಲಿಲ್ಲ, ಅವನ್ನು ಹಿಂದೆ ಪ್ರಿಂಟ್ ತೆಗೆಸಿಯೂ ಇರಲಿಲ್ಲ. ರೇಖಾ ಮೇಡಂಗೆ ಎಷ್ಟು ಸಲ ಧನ್ಯವಾದ ಹೇಳಿದೆನೋ, "ಸಾಕು ಸರ್, ಇನ್ಮೇಲೆ ಒಂದು ಪ್ರತಿ ಪೆನ್ ಡ್ರೈವಿನಲ್ಲಿ ಇಡಿ" ಎಂದು ಅವರೇ ಫೋನ್ ಇಟ್ಟರು.

ಸಂಜೆ ಪಾರ್ವತಮ್ಮನವರ ಮನೆಗೆ ಹೋದೆ. ಸುಮಂಗಲಾ ಜೊತೆಗೆ ಬರುತ್ತೇನೆಂದಳು, ಬೇಡ ಎಂದೆ. ಅವರು ದೇವರ ಗೂಡಿನ ಮುಂದೆ ಕೂತಿದ್ದರು. ಮಾವ ಹೇಳಿಕೊಟ್ಟ ಹಾಗೆ ಮೊದಲ ಮಾತೇ ಅದನ್ನು ಹೇಳಿದೆ: "ಟೀಚರ್, ನೀವು ತಾಳ ಮರೆತಿಲ್ಲ. ಹಾಳೆ ಕೆಡಿಸಿದ್ದು ನಾನು." ಆಮೇಲೆ ಕತೆ ಹೇಳಿದೆ. ಅಲ್ಪವಿರಾಮ ಕಿತ್ತದ್ದು ಹೇಳುವಾಗ ಧ್ವನಿ ಸಣ್ಣದಾಯಿತು. ನನಗೂ ವರ್ಷಗಟ್ಟಲೆ ಪಾಠ ಹೇಳಿದ ಅನುಭವವಿದ್ದರೂ ಆ ಹೊತ್ತು ನಾನು ಬೆಂಚಿನ ಮೇಲೆ ನಿಲ್ಲಲು ತಯಾರಾಗಿಯೇ ಇದ್ದೆ.

"ಹಂಗಾದ್ರ ತಪ್ಪು ನಂದಲ್ಲೇನ್ರಿ ಮೇಷ್ಟ್ರೇ?" ಎಂದರು.

"ಅಲ್ಲ ಟೀಚರ್. ಪೂರಾ ನಂದೇ."

"ಪೂರಾ?"

"ಪೂರಾ."

ಅವರ ಮುಖ ಬೆಳಗಿದ ಪರಿಯನ್ನು ನಾನು ಮರೆಯಲಾರೆ. "ಅಯ್ಯೋ ಪುಣ್ಯಾತ್ಮಾ! ನಿನ್ನಿಯಿಂದ ನಾ ಅನ್ನ ಮುಟ್ಟಿಲ್ಲ. ತಲಿ ಹೋತು ಅಂತ ಮಾಡಿದ್ದೆ!" ಎಂದು ಒಳಗೆ ಕೂಗಿ, ತಂಗಿಗೆ ಅವಲಕ್ಕಿ ಕಲಸಲು ಹೇಳಿದರು. ತಪ್ಪು ಮಾಡಿದ್ದಕ್ಕೆ ನನಗೆ ಬೈಗುಳ ಸಿಗುತ್ತದೆಂದು ಹೋದರೆ, ತಪ್ಪು ನನ್ನದಾದದ್ದಕ್ಕೆ ಅವಲಕ್ಕಿ ಸಿಕ್ಕಿತು. ಒಗ್ಗರಣೆಯ ಅವಲಕ್ಕಿ, ಮೇಲೆ ಕೊಬ್ಬರಿ. ಇಬ್ಬರೂ ತಿಂದೆವು, ಅವರು ಎರಡು ಸಲ ಹಾಕಿಸಿಕೊಂಡರು.

ಶುಕ್ರವಾರ, ಶನಿವಾರ ಕಾಲೇಜು ಮುಗಿದದ್ದೇ ತಡ, ಅವರು ನಮ್ಮ ಮನೆಯ ಕುರ್ಚಿಯಲ್ಲಿ ಕೂತು ಹನ್ನೊಂದು ಹಾಡನ್ನೂ ಮೊದಲಿಂದ ಹೇಳಿದರು. ಈ ಸಲ ಅಲ್ಪವಿರಾಮ ಎಂದಾಗ ನಾನು ಬರೀ ಒತ್ತಲಿಲ್ಲ. ಅವರ ಧ್ವನಿ ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂದು ಕಾದೆ. ಒಂದು ವರ್ಷ ನಾನು ಬರೆದುಕೊಂಡಿದ್ದೆನೇ ಹೊರತು ಕೇಳಿರಲಿಲ್ಲ ಎಂಬುದು ಆಗ ತಿಳಿಯಿತು. ಸುದ್ದಿ ತಿಳಿದು ಉಳಿದ ಏಳು ಮಂದಿಯೂ ಬಂದು ನಡುಮನೆಯಲ್ಲಿ ಕೂತು ಜೊತೆಗೂಡಿದರು. ನಾಲ್ಕನೇ ಹಾಡಿನಲ್ಲಿ ಪಾರ್ವತಮ್ಮನವರು ತಟ್ಟನೆ ನಿಲ್ಲಿಸಿ, "ಇಲ್ಲಿ ನಮ್ಮವ್ವ ಇಳೀತಿದ್ದಿಲ್ಲ, ಏರ್ತಿದ್ಲು. ಹೋದ ವರ್ಷ ನಾ ಅವಸರಕ್ಕ ತಪ್ಪು ಬರೆಸಿದ್ದೆ. ಈಗ ನೆನಪಾತು, ತಿದ್ರಿ" ಎಂದರು. ತಿದ್ದಿದೆ. ಅವರು ಆ ಸಾಲನ್ನು ಏರಿಸಿ ಹಾಡಿದಾಗ ಸಂಗೀತ ತಿಳಿಯದ ನನಗೂ ಮೈ ಜುಮ್ಮೆಂದಿತು.

ಭಾನುವಾರ ತೊಗರ್ಸಿಯ ಗುಡಿಯ ಕಂಬಗಳ ನಡುವೆ ಜಮಖಾನ ಹಾಸಿ ಎಂಟು ಮಂದಿ ಕೂತರು, ನಡುವೆ ಪಾರ್ವತಮ್ಮನವರು. ಸೊರಬದಿಂದ ಮಾವನೂ ಬಸ್ಸು ಹಿಡಿದು ಬಂದಿದ್ದರು. ಅವರು ಒಂದು ಹಾಳೆ ಕೇಳಿ ತೆಗೆದುಕೊಂಡು, ಹೆಬ್ಬೆರಳನ್ನು ಮೇಲಿಂದ ಕೆಳಗೆ ಒಮ್ಮೆ ಎಳೆದು, "ಹೂಂ, ಈಗ ನಿಂತಿದೆ ಸಾಲು" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಪ್ರಶಸ್ತಿ. ಹಾಡು ಶುರುವಾದ ಮೇಲೆ ನೋಡುತ್ತೇನೆ, ಒಬ್ಬರೂ ಹಾಳೆ ನೋಡುತ್ತಿಲ್ಲ. ಎರಡು ದಿನ ಜೊತೆಗೆ ಕೂತು ಹಾಡಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಪಾರ್ವತಮ್ಮನವರ ಕೈ ತೊಡೆಯ ಮೇಲೆ ಒಂದೇ ಸಮನೆ ತಾಳ ಹಾಕುತ್ತಿತ್ತು. ಊರಿನ ಹಿರಿಯ ಹೆಂಗಸರು ಇಬ್ಬರು ಮುಂದೆ ಬಂದು ಕೂತು, ತಮಗೂ ಗೊತ್ತಿರುವ ಸಾಲು ಬಂದಾಗ ತುಟಿಯಾಡಿಸಿದರು. ಕೊನೆಯಲ್ಲಿ ಪಾರ್ವತಮ್ಮನವರು ಎದ್ದುನಿಂತು ಎಲ್ಲರಿಗೂ ಕೈಮುಗಿದು, "ನಮ್ಮ ಮೇಷ್ಟ್ರಿಗೂ ಒಂದು ನಮಸ್ಕಾರ ರೀ. ಅವರು ಹನ್ನೊಂದು ಹಾಡು ಕೆಡಿಸದೇ ಇದ್ದಿದ್ರ ನಮ್ಮವ್ವನ ಆ ಒಂದು ಸಾಲು ತಪ್ಪೇ ಉಳೀತಿತ್ತು" ಎಂದರು. ಜನ ಚಪ್ಪಾಳೆ ತಟ್ಟಿದರು. ಯಾವುದನ್ನೋ ಕೆಡಿಸಿದ್ದಕ್ಕೆ ನನಗೆ ಚಪ್ಪಾಳೆ ಬಿದ್ದದ್ದು ಜೀವನದಲ್ಲಿ ಅದೇ ಮೊದಲು. ಎದ್ದು ಕೈಮುಗಿದೆ.

ಮರುದಿನ ಕಂಪ್ಯೂಟರ್ ಮುಂದೆ ಕೂತಾಗ ಅದು ಯಾವುದಕ್ಕೋ ಪಾಸ್‌ವರ್ಡ್ ಕೇಳಿತು. ಕೊಟ್ಟೆ. ತಪ್ಪು ಎಂದಿತು. ಇನ್ನೊಮ್ಮೆ ನಿಧಾನವಾಗಿ ಹೊಡೆದೆ. ಮತ್ತೆ ತಪ್ಪು ಎಂದಿತು.

"ಸುಮಾ, ಪಾಸ್‌ವರ್ಡ್ ತಗೊಳ್ತಾ ಇಲ್ಲ."

"ಬದಲಾಯ್ಸಿದೀನಿ" ಎಂಬ ಉತ್ತರ ಅಡುಗೆಮನೆಯಿಂದ ಬಂತು. "ರೇಖಾ ಮೇಡಂ ಫೋನಲ್ಲಿ ಹೇಳ್ಕೊಟ್ರು. ಪಾಪ, ಅವರೇ ಫೋನ್ ಮಾಡಿದ್ರು."

"ಏನಂತ ಇಟ್ಟಿದೀಯ?"

"ಎಂತ ತೆಗೀಬೇಕು ಅಂತ ಮೊದ್ಲು ಹೇಳಿ."

ಹಾಗಾಗಿ ಈಗ ನಮ್ಮ ಮನೆಯ ಲೈನಕ್ಸ್‌ನಲ್ಲಿ ನಾನೊಬ್ಬ ನೆಂಟ. ಓದಬಹುದು, ಬರೆಯಬಹುದು, ಯಾವುದನ್ನೂ ತೆಗೆಯುವಂತಿಲ್ಲ. ನೆಂಟನಾಗಿರುವುದರಲ್ಲಿ ಇಷ್ಟು ಸುಖವಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಏನೇ ಕೆಟ್ಟರೂ ಯಾರೂ ನನ್ನ ಮುಖ ನೋಡುವಂತಿಲ್ಲ. ಮಾವನಿಗೆ, ಮೇಡಂಗೆ, ಟೀಚರಿಗೆ ಎಲ್ಲರಿಗೂ ಧನ್ಯವಾದ ಹೇಳಿಯಾಗಿತ್ತು, ಇವಳಿಗೊಬ್ಬಳಿಗೆ ಬಾಕಿಯಿತ್ತು. ಇವತ್ತು ಹೇಳಿಯೇ ಬಿಡಬೇಕೆಂದು ಎದ್ದು ಅಡುಗೆಮನೆಯ ಕಡೆ ಹೊರಟೆ. ಬಾಗಿಲು ದಾಟುವ ಮುಂಚೆಯೇ ಸುಮಂಗಲಾ ಹೊಸ ಮಿಕ್ಸಿಗೆ ಅಡ್ಡ ಬಂದು ನಿಂತಳು.

"ಎಂತ ಹೇಳೋದಿದ್ರೂ ಅಲ್ಲೇ ನಿಂತು ಹೇಳಿ" ಎಂದಳು.

ಅಲ್ಲೇ ನಿಂತು ಹೇಳಿದೆ.